ಮನೆ ವೈರಿಂಗ್ ಪರೀಕ್ಷೆ: ಉಪಕರಣಗಳ ಇತಿಹಾಸ

ಮನೆಯ ವೈರಿಂಗಿನಲ್ಲಿ ಕರೆಂಟ್ ಇದೆಯೇ, ತಂತಿ ಎಲ್ಲಿ ಕಡಿದಿದೆ, ಇನ್ಸುಲೇಷನ್ ಸೋರುತ್ತಿದೆಯೇ, ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಉಪಕರಣಗಳಿಂದ ಅಳೆದು ದೋಷದ ಜಾಗವನ್ನು ಪತ್ತೆಮಾಡುವ ಕೆಲಸಕ್ಕೆ ವೈರಿಂಗ್ ಪರೀಕ್ಷೆ ಎನ್ನುತ್ತಾರೆ. ಇದರ ಉಪಕರಣಗಳು ಎರಡು ಶತಮಾನಗಳಲ್ಲಿ ಬೆಳೆದುಬಂದಿವೆ. ಹಳೆಯದು ಉತ್ತರ ಕೊಡಲಾಗದ ಒಂದು ಪ್ರಶ್ನೆಗಾಗಿ ಹೊಸ ಉಪಕರಣ ಬಂದಿದೆ. ಆದರೂ ಹಳೆಯದರ ಕೆಲಸ ಮುಗಿದಿಲ್ಲ. ಯಾವ ಪ್ರಶ್ನೆಗೆ ಯಾವ ಉಪಕರಣ ಎಂದು ತಿಳಿದಿರುವುದೇ ಇಲ್ಲಿ ಸುರಕ್ಷತೆಯ ಮೊದಲ ಪಾಠ.

ಅಳತೆಯ ಆರಂಭ

1820ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್‌ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. ಅದೇ ತತ್ತ್ವದ ಮೇಲೆ ಕರೆಂಟ್ ತೋರಿಸುವ ಗ್ಯಾಲ್ವನೋಮೀಟರ್ ರೂಪುಗೊಂಡಿತು. 1833ರಲ್ಲಿ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ರೂಪಿಸಿದ, ರೋಧ ಅಳೆಯುವ ಸೇತುಮಂಡಲವನ್ನು (ಬ್ರಿಜ್ ಸರ್ಕ್ಯೂಟ್) 1843ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಬಳಕೆಗೆ ತಂದರು. ಟೆಲಿಗ್ರಾಫ್ ತಂತಿ ಎಷ್ಟು ದೂರದಲ್ಲಿ ಕೆಟ್ಟಿದೆ ಎಂದು ರೋಧವನ್ನು ಅಳೆದು ಲೆಕ್ಕಹಾಕುವ ವಿದ್ಯೆ ಇದರಿಂದ ಬೆಳೆಯಿತು. 1888ರ ವೇಳೆಗೆ ಎಡ್ವರ್ಡ್ ವೆಸ್ಟನ್ ಕೈಯಲ್ಲಿ ಒಯ್ಯಬಹುದಾದ ನಿಖರ ಮೀಟರುಗಳನ್ನು ತಯಾರಿಸಿದರು. ಪ್ರಯೋಗಾಲಯದಲ್ಲಿದ್ದ ಅಳತೆ ಹೀಗೆ ಕೆಲಸದ ಜಾಗಕ್ಕೇ ಬಂದಿತು.

ಟೆಸ್ಟ್ ಲ್ಯಾಂಪ್ ಮತ್ತು ನಿಯಾನ್ ಟೆಸ್ಟರ್

ಮನೆಗಳಿಗೆ ವಿದ್ಯುದ್ದೀಪ ಬಂದ ಮೇಲೆ ಎಲೆಕ್ಟ್ರಿಷಿಯನ್ನರ ಕೈಗೆ ಸುಲಭವಾಗಿ ಸಿಕ್ಕ ಸಾಧನ ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬು. ಆಮೇಲೆ ಸ್ಕ್ರೂಡ್ರೈವರ್ ಆಕಾರದ ನಿಯಾನ್ ಟೆಸ್ಟರ್ ಬಂದಿತು. ಅದರ ಹಿಡಿಯೊಳಗೆ ಪುಟ್ಟ ನಿಯಾನ್ ದೀಪ, ಅದರೊಂದಿಗೆ ಸರಣಿಯಲ್ಲಿ ದೊಡ್ಡ ರೋಧಕ ಇರುತ್ತವೆ. ತುದಿ ಫೇಸಿಗೆ ತಾಗಿ, ಬೆರಳು ಹಿಂಬದಿಯ ಲೋಹಕ್ಕೆ ತಾಗಿದಾಗ ಅತ್ಯಲ್ಪ ಕರೆಂಟ್ ದೇಹದ ಮೂಲಕವೇ ಹಾದು ದೀಪ ಹೊತ್ತಿಕೊಳ್ಳುತ್ತದೆ.

ಇದರ ಮಿತಿಯೂ ಇಲ್ಲೇ ಇದೆ. ಒಣ ಮರದ ಏಣಿಯ ಮೇಲೆ ನಿಂತವನ ಕೈಯಲ್ಲಿ ಅಥವಾ ಬಿಸಿಲಿನ ಬೆಳಕಿನಲ್ಲಿ ದೀಪ ಕಾಣದೆ ಹೋಗಬಹುದು. ದೀಪ ಹತ್ತಲಿಲ್ಲ ಎಂದ ಮಾತ್ರಕ್ಕೆ ಕರೆಂಟ್ ಇಲ್ಲ ಎಂದು ನಂಬಿ ತಂತಿ ಮುಟ್ಟುವುದು ಪ್ರಾಣಾಪಾಯ. ಪ್ಲಗ್ ಪಾಯಿಂಟಿನ ಎರಡೂ ತೂತುಗಳಲ್ಲಿ ಟೆಸ್ಟರ್ ಉರಿಯುವ ಸಂದರ್ಭವೂ ಉಂಟು. ‘ಎರಡು ಫೇಸ್ ಬಂದಿದೆ’ ಎಂದು ಗಾಬರಿಯಾಗುವವರೇ ಹೆಚ್ಚು. ಬಹುಪಾಲು ಸಲ ಅಲ್ಲಿ ಆಗಿರುವುದು ನ್ಯೂಟ್ರಲ್ ಕಡಿದಿರುವುದು: ಅದೇ ಸರ್ಕ್ಯೂಟಿನಲ್ಲಿ ಆನ್ ಆಗಿರುವ ಬಲ್ಬು ಅಥವಾ ಫ್ಯಾನಿನ ಮೂಲಕ ಫೇಸು ನ್ಯೂಟ್ರಲ್ ತಂತಿಗೂ ಬಂದು ನಿಂತಿರುತ್ತದೆ.

ಮೆಗ್ಗರ್

ಬಲ್ಬು ಉರಿದರೂ ಗೋಡೆಯೊಳಗಿನ ತಂತಿಯ ಹೊದಿಕೆ ಸೋರುತ್ತಿರಬಹುದು. ಇದನ್ನು ಅಳೆಯಲು ಇಂಗ್ಲೆಂಡಿನ ಸಿಡ್ನಿ ಎವರ್‌ಶೆಡ್ 1889ರಲ್ಲಿ ಒಯ್ಯಬಲ್ಲ ಇನ್ಸುಲೇಷನ್ ಪರೀಕ್ಷಕವನ್ನು ರೂಪಿಸಿದರು. ‘ಮೆಗ್ಗರ್’ ಎಂಬ ಹೆಸರು 1903ರಲ್ಲಿ ನೋಂದಣಿಯಾಯಿತು. ಹಿಡಿಕೆ ತಿರುಗಿಸಿದರೆ ಒಳಗಿನ ಪುಟ್ಟ ಜನರೇಟರ್ ಹೆಚ್ಚಿನ ಡಿಸಿ ವೋಲ್ಟೇಜು ಕೊಡುತ್ತಿತ್ತು. ಇಂದಿನವು ಬ್ಯಾಟರಿಯಿಂದ ನಡೆಯುತ್ತವೆ. ಮನೆ ವೈರಿಂಗಿಗೆ ಸಾಮಾನ್ಯವಾಗಿ ಬಳಸುವುದು 500 ವೋಲ್ಟ್. ಈ ಪರೀಕ್ಷೆಗೆ ಮುನ್ನ ಮೇನ್ ಆಫ್ ಮಾಡಿ, ಎಲ್‌ಇಡಿ ದೀಪ, ಟಿವಿ, ಫ್ರಿಜ್ಜುಗಳನ್ನು ಬಿಡಿಸಲೇಬೇಕು. ಇಲ್ಲವಾದರೆ ಅವುಗಳ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು.

ಮಲ್ಟಿಮೀಟರ್

ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮಕಾಡಿಗೆ ಕರೆಂಟ್, ವೋಲ್ಟೇಜ್, ರೋಧಗಳಿಗೆ ಬೇರೆ ಬೇರೆ ಮೀಟರ್ ಹೊತ್ತು ತಿರುಗುವುದು ಸಾಕಾಗಿತ್ತು. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ ಅವರ ‘ಆವೋ’ ಮೀಟರ್ 1923ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಮುಂದಿನ ಮಾದರಿಗಳು 2008ರವರೆಗೂ ತಯಾರಾದವು. ಆಂಡ್ರ್ಯೂ ಕೇ 1950ರ ದಶಕದ ಆರಂಭದಲ್ಲಿ ಡಿಜಿಟಲ್ ವೋಲ್ಟ್‌ಮೀಟರ್ ತಂದರು. 1970ರ ದಶಕದ ಕೊನೆಗೆ ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು.

ಡಿಜಿಟಲ್ ಮೀಟರಿನ ಒಳರೋಧ ಬಲು ಹೆಚ್ಚು, ಸಾಮಾನ್ಯವಾಗಿ 10 ಮೆಗಾಓಮ್. ಹಾಗಾಗಿ ಎಲ್ಲಿಗೂ ಸೇರಿಸದ ತಂತಿಯೂ ಪಕ್ಕದ ಫೇಸ್ ತಂತಿಯ ಪ್ರಭಾವದಿಂದ ಹತ್ತಾರು ವೋಲ್ಟ್ ತೋರಿಸಬಹುದು. ಅಲ್ಲಿಗೆ ಬಲ್ಬು ಹಾಕಿದರೆ ಅದು ಉರಿಯುವುದಿಲ್ಲ. ಈ ಗೊಂದಲ ತಪ್ಪಿಸಲೆಂದೇ ಕಡಿಮೆ ಒಳರೋಧದ ಸೆಟ್ಟಿಂಗ್ ಇರುವ ಮೀಟರುಗಳೂ, ಎರಡು ಮೊನೆಯ ವೋಲ್ಟೇಜ್ ಟೆಸ್ಟರುಗಳೂ ಬಂದಿವೆ.

ಮೀಟರ್ ಕೊಳ್ಳುವಾಗ ಬೆಲೆಗಿಂತ ಮೊದಲು ನೋಡಬೇಕಾದ್ದು ಅದರ ಸುರಕ್ಷತಾ ವರ್ಗ. ಐಇಸಿ 61010 ಮಾನಕದ ಪ್ರಕಾರ ಪ್ಲಗ್ಗಿಗೆ ಹಾಕುವ ಸಾಧನಗಳಿಗೆ ಕ್ಯಾಟ್ 2, ಡಿಬಿ (ವಿತರಣಾ ಪೆಟ್ಟಿಗೆ) ಮತ್ತು ಸ್ಥಿರ ವೈರಿಂಗಿಗೆ ಕ್ಯಾಟ್ 3, ಸರ್ವಿಸ್ ಲೈನ್ ಬಂದು ಸೇರುವ ಕಡೆ ಕ್ಯಾಟ್ 4 ಮೀಟರ್ ಬೇಕು. ಸಿಡಿಲು ಅಥವಾ ಸ್ವಿಚಿಂಗಿನಿಂದ ಕ್ಷಣಕಾಲ ಬರುವ ಸಾವಿರಾರು ವೋಲ್ಟಿನ ಹೊಡೆತವನ್ನು ತಾಳಲಾರದ ಮೀಟರ್ ಕೈಯಲ್ಲೇ ಸಿಡಿಯುವ ಅಪಾಯವಿದೆ.

ಸೋರಿಕೆ ರಕ್ಷಣೆ ಮತ್ತು ಹುಡುಕಾಟದ ಕ್ರಮ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯೆಲ್ ಮನುಷ್ಯದೇಹ ಎಷ್ಟು ಕರೆಂಟ್ ತಾಳಬಲ್ಲದು ಎಂದು ದೀರ್ಘಕಾಲ ಸಂಶೋಧಿಸಿ, 1961ರಲ್ಲಿ ಸೂಕ್ಷ್ಮ ಸೋರಿಕೆಗೂ ಸಂಪರ್ಕ ಕಡಿಯುವ ಸಾಧನವನ್ನು ರೂಪಿಸಿದರು. ಇಂದು ಮನೆಗಳಲ್ಲಿ ಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಅದೇ ಉದ್ದೇಶದ್ದು. ಹೋದ ಕರೆಂಟ್ ಅಷ್ಟೂ ನ್ಯೂಟ್ರಲಿನಲ್ಲಿ ಮರಳದಿದ್ದರೆ ಅದು ಟ್ರಿಪ್ ಆಗುತ್ತದೆ.

ಟ್ರಿಪ್ ಆದಾಗ ಎಲ್ಲ ಎಂಸಿಬಿಗಳನ್ನೂ (ಪ್ರತಿ ಸರ್ಕ್ಯೂಟಿನ ಬ್ರೇಕರುಗಳು) ಇಳಿಸಿ, ಆರ್‌ಸಿಸಿಬಿ ಏರಿಸಿ, ಒಂದೊಂದೇ ಎಂಸಿಬಿ ಹಾಕುತ್ತಾ ಬರುವುದು ವಾಡಿಕೆ. ಕೆಲವೊಮ್ಮೆ ಯಾವುದೋ ಸರಿಯಿರುವ ಸರ್ಕ್ಯೂಟಿಗೆ ಲೋಡ್ ಹಾಕಿದೊಡನೆ ಟ್ರಿಪ್ ಆಗಿ ದಾರಿ ತಪ್ಪಿಸುತ್ತದೆ. ಕಾರಣ, ಒಂಟಿ ಧ್ರುವದ ಎಂಸಿಬಿ ಫೇಸನ್ನಷ್ಟೇ ಕಡಿಯುತ್ತದೆ. ಬೇರೊಂದು ಸರ್ಕ್ಯೂಟಿನ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದ್ದರೆ, ಲೋಡಿನ ಕರೆಂಟಿನ ಒಂದು ಪಾಲು ಆ ದಾರಿ ಹಿಡಿದು ಸಮತೋಲ ಕೆಡಿಸುತ್ತದೆ. ಆಗ ಡಬಲ್ ಪೋಲ್ ಮೇನ್ ಆಫ್ ಮಾಡಿ, ನ್ಯೂಟ್ರಲ್ ಲಿಂಕಿನಿಂದ ತಂತಿಗಳನ್ನು ಬಿಡಿಸಿ, ಒಂದೊಂದನ್ನೂ ಅರ್ಥಿಗೆದುರಾಗಿ ಮೆಗ್ಗರಿನಿಂದ ಅಳೆದರೆ ದೋಷಿ ಸಿಕ್ಕಿಬೀಳುತ್ತದೆ.

ಭಾರತದಲ್ಲಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುದ್ದೀಪ ಬಂದಿತು. ಮರದ ಕೇಸಿಂಗ್, ಬ್ಯಾಟನ್ ವೈರಿಂಗುಗಳಲ್ಲಿ ತಂತಿ ಗೋಡೆಯ ಮೇಲೆ ಸಾಗುತ್ತಿದ್ದುದರಿಂದ ಅದರ ಜಾಡು ಹಿಡಿಯುವುದು ಸುಲಭವಿತ್ತು. ಗೋಡೆಯೊಳಗಿನ ಕಾಂಡ್ಯುಯಿಟ್ ಬಂದ ಮೇಲೆ ಕಣ್ಣಿಗೆ ಕಾಣದ ತಂತಿಯನ್ನು ಮೀಟರಿನಿಂದಲೇ ಓದಬೇಕಾಯಿತು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಇನ್ಸುಲೇಷನ್ ಪರೀಕ್ಷೆಯೂ ಸೇರಿತ್ತು. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043 ಭಾರತೀಯ ಮಾನಕಗಳು.

ಉಪಕರಣ ಎಷ್ಟೇ ಬದಲಾದರೂ ಕಸುಬಿನ ಮೂಲ ನಿಯಮ ಒಂದೇ: ಕರೆಂಟ್ ಇಲ್ಲ ಎಂಬುದನ್ನೂ ಸಾಬೀತು ಮಾಡಬೇಕು. ಮೊದಲು ಕರೆಂಟ್ ಇರುವ ಕಡೆ ಟೆಸ್ಟರ್ ಹಿಡಿದು ಅದು ಕೆಲಸ ಮಾಡುತ್ತಿದೆಯೇ ನೋಡಬೇಕು. ಆಮೇಲೆ ಕೆಲಸ ಮಾಡಬೇಕಾದ ಜಾಗದಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ಮೂರನ್ನೂ ಪರೀಕ್ಷಿಸಬೇಕು. ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ ಹಿಡಿದು ಟೆಸ್ಟರ್ ನಡುವೆ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಳಿಸಿದ ಮೇನ್ ಸ್ವಿಚ್ಚನ್ನು ಬೇರೆಯವರು ಏರಿಸದಂತೆ ಬೀಗ ಹಾಕಿರಬೇಕು. ಡಿಬಿಯ ಮುಚ್ಚಳ ತೆಗೆಯುವ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಗೇ ಸೇರಿದ್ದು. ಮನೆಯವರು ತಪ್ಪದೆ ಮಾಡಬಹುದಾದ ಪರೀಕ್ಷೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡುವುದು. ಒತ್ತಿದಾಗ ಅದು ಬೀಳದಿದ್ದರೆ ತಡಮಾಡದೆ ಬದಲಾಯಿಸಬೇಕು.