ಹಿಮಿತ್ಸು: ಮಂತ್ರದ ಗುಟ್ಟು ಮನೆಮಾತಾದ ಬಗೆ

ನಿಮ್ಮ ಮೊಬೈಲಿನ ಎಮೋಜಿಗಳ ರಾಶಿಯಲ್ಲಿ ಕೆಂಪು ವೃತ್ತದೊಳಗೆ ಬಿಳಿಯ ಚೀನೀ ಅಕ್ಷರವೊಂದು ಕೂತಿದೆ. ಅದನ್ನು ಬಳಸಿದ ಕನ್ನಡಿಗರು ಬಹಳ ಮಂದಿ ಇರಲಾರರು. ಜಪಾನಿನ ಕಚೇರಿಗಳಲ್ಲಿ ಗೋಪ್ಯ ಕಾಗದಗಳ ಮೇಲೆ ಒತ್ತುವ ಮೊಹರು ಅದು, ಹೆಸರು ‘ಮಾರುಹಿ’. ‘ಮಾರು’ ಎಂದರೆ ವೃತ್ತ. ‘ಹಿ’ ಎನ್ನುವುದು ‘ಹಿಮಿತ್ಸು’ವಿನ ಮೊದಲ ಅಕ್ಷರ. ಹಿಮಿತ್ಸು ಎಂದರೆ ಗುಟ್ಟು.

ಹಿ, ಮಿ, ತ್ಸು, ಮೂರೂ ಒಂದೇ ತೂಕದ ಹ್ರಸ್ವಗಳು. ಎಲ್ಲೂ ಒತ್ತು ಹಾಕದೆ ಹೇಳಿದರೆ ಸಾಕು, ಕನ್ನಡದ ನಾಲಿಗೆಗೆ ಕಷ್ಟವಿಲ್ಲ. ಬರೆಯುವಾಗ ಎರಡು ಅಕ್ಷರಗಳು ಬೇಕು. ‘ಹಿ’ಯ ಹಳೆಯ ರೂಪದ ಎಡಭಾಗದಲ್ಲಿ ದೇವತೆ, ಪೂಜೆಗಳಿಗೆ ಸಂಬಂಧಪಟ್ಟ ಚಿಹ್ನೆಯಿತ್ತು. ‘ಮಿತ್ಸು’ವಿಗೆ ದಟ್ಟ, ಒತ್ತೊತ್ತಾದ ಎಂಬ ಅರ್ಥವೂ ಇದೆ, ದಟ್ಟಡವಿಗೆ ಜಪಾನೀಯರು ‘ಮಿತ್ಸುರಿನ್’ ಎನ್ನುತ್ತಾರೆ. ಗುಟ್ಟಿನ ಪದದಲ್ಲಿ ದೇವರೂ ಕಾಡೂ ಸೇರಿಕೊಂಡದ್ದು ಹೇಗೆ ಎಂದು ಹುಡುಕುತ್ತ ಹೋದರೆ ದಾರಿ ಭಾರತಕ್ಕೇ ಬಂದು ಮುಟ್ಟುತ್ತದೆ.

ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ಗುಹ್ಯ’ ಎಂಬ ಮಾತಿಗೆ ಈ ಜೋಡಿಯನ್ನು ಬಳಸಿದರು. ನಮ್ಮ ‘ಗುಹ್ಯಸಮಾಜ ತಂತ್ರ’ದ ಹೆಸರನ್ನು ಜಪಾನೀಯರು ಇಂದಿಗೂ ‘ಹಿಮಿತ್ಸು ಶೂಎ’ ಎಂದೇ ಓದುತ್ತಾರೆ. ಎಂಟನೆಯ ಶತಮಾನದಲ್ಲಿ ಶುಭಕರಸಿಂಹ, ವಜ್ರಬೋಧಿ, ಅಮೋಘವಜ್ರರು ಚೀನಾದಲ್ಲಿ ತಾಂತ್ರಿಕ ಬೌದ್ಧ ಧರ್ಮವನ್ನು ಬೇರೂರಿಸಿದರು. ಅಮೋಘವಜ್ರನ ಶಿಷ್ಯ ಹುಯಿಗುವೊ. 804ರಲ್ಲಿ ಸಮುದ್ರ ದಾಟಿ ಚೀನಾಕ್ಕೆ ಬಂದು ಅವನ ಶಿಷ್ಯನಾದವನು ಕೂಕಾಯ್ ಎಂಬ ಜಪಾನೀ ಭಿಕ್ಷು. ಗುರು ಕೆಲವೇ ತಿಂಗಳಲ್ಲಿ ತನ್ನದೆಲ್ಲವನ್ನೂ ಧಾರೆಯೆರೆದು ತೀರಿಕೊಂಡ. ಕೂಕಾಯ್ 806ರಲ್ಲಿ ಊರಿಗೆ ಮರಳಿ ಶಿಂಗೋನ್ ಪಂಥ ಕಟ್ಟಿದ. ‘ಶಿಂಗೋನ್’ ಎಂದರೆ ಸತ್ಯವಾಕ್ಕು, ಅಂದರೆ ಮಂತ್ರ. ಜಪಾನೀ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಶುರುವಾಗಿ ಕ, ಸ, ತ, ನ ಎಂದು ಮುಂದುವರಿಯುವುದೂ ಆ ಕಾಲದ ಭಿಕ್ಷುಗಳು ಸಂಸ್ಕೃತದ ವರ್ಣಕ್ರಮ ಕಲಿತದ್ದರ ಫಲವೇ. ಜಪಾನೀ ಕಲಿಯಲು ಹೊರಟ ಕನ್ನಡಿಗನಿಗೆ ಮೊದಲ ಪುಟದಲ್ಲೇ ಅರ್ಧ ಪರಿಚಯ!

ಕೂಕಾಯನ ಪ್ರಕಾರ ಹಿಮಿತ್ಸು ಎರಡು ಬಗೆ. ಒಂದು ತಥಾಗತನ ಗುಟ್ಟು: ಕೇಳುವವನು ಹದವಾಗುವ ತನಕ ಬುದ್ಧ ಬಿಟ್ಟುಕೊಡದ ಮಾತು. ಇನ್ನೊಂದು ಜೀವಿಗಳ ಗುಟ್ಟು. ನಮ್ಮೊಳಗೇ ಇರುವ ಬೋಧಿಯನ್ನು ಅಜ್ಞಾನದಿಂದ ನಾವೇ ಮುಚ್ಚಿಟ್ಟುಕೊಂಡಿದ್ದೇವೆ. ಇಲ್ಲಿ ಬಚ್ಚಿಟ್ಟವನೂ ನಾನೇ, ಕಾಣದೆ ಹುಡುಕುವವನೂ ನಾನೇ. ಗುಟ್ಟಿನ ಬಗ್ಗೆ ಇದಕ್ಕಿಂತ ಆಳವಾದ ವಿಂಗಡಣೆಯನ್ನು ನಾನು ಬೇರೆಲ್ಲೂ ಓದಿಲ್ಲ. ಬರೀ ಸಿದ್ಧಾಂತ ಎಂದುಕೊಳ್ಳಬೇಡಿ. ತೆಂಡಾಯ್ ಪಂಥದ ಹಿರಿಯ ಸಾಯ್‌ಚೊ ಕೂಕಾಯನಿಂದ ಪುಸ್ತಕಗಳನ್ನು ಎರವಲು ಪಡೆದು ಓದುತ್ತಿದ್ದ. ತಾಂತ್ರಿಕ ಸೂತ್ರವೊಂದರ ವ್ಯಾಖ್ಯಾನವನ್ನು ಕೇಳಿದಾಗ ಮಾತ್ರ ಕೂಕಾಯ್ ಕೊಡಲು ಒಪ್ಪಲಿಲ್ಲ. ಈ ವಿದ್ಯೆ ಮನಸ್ಸಿನಿಂದ ಮನಸ್ಸಿಗೆ ಬರಬೇಕಾದ್ದು, ಹಾಳೆ ತಿರುವಿದರೆ ಸಿಗುವುದಲ್ಲ ಎಂಬುದು ಅವನ ನಿಲುವು. ಇಬ್ಬರ ಸ್ನೇಹ ಅಲ್ಲಿಂದ ಮುಂದೆ ಹಳಸಿತು.

ಮಠದ ಈ ಪದ್ಧತಿ ಕಲೆಗೂ ದಾಟಿತು. ‘ನೋ’ ನಾಟಕದ ಮಹಾನಟ ಝೆಯಾಮಿ ಹದಿನೈದನೆಯ ಶತಮಾನದ ಆರಂಭದಲ್ಲಿ ತನ್ನ ಬರಹಗಳಲ್ಲಿ, ನಟನ ಸೊಗಸು ಅವನು ಬಚ್ಚಿಟ್ಟುಕೊಂಡದ್ದರಲ್ಲಿದೆ ಎಂದು ವಾದಿಸಿದ. ಗುಟ್ಟೊಂದಿದೆ ಎಂಬ ಸುಳಿವೂ ನೋಡುವವರಿಗೆ ಸಿಗಬಾರದಂತೆ. ಆ ಬರಹಗಳೂ ಹಾಗೆಯೇ ಬಾಳಿದವು: ಮನೆತನಗಳೊಳಗೆ ಉಳಿದುಕೊಂಡಿದ್ದ ಅವು ಅಚ್ಚಾಗಿ ಹೊರಗಿನ ಓದುಗರಿಗೆ ಸಿಕ್ಕಿದ್ದು 1909ರಲ್ಲಿ.

ಆಮೇಲೆ ಪದ ಬೀದಿಗಿಳಿಯಿತು. ಕಾರ್ಟೂನಿನ ಬೆಕ್ಕು ಡೋರೇಮಾನ್ ತನ್ನ ಹೊಟ್ಟೆಯ ಜೇಬಿನಿಂದ ತೆಗೆಯುವ ಸಾಮಾನುಗಳಿಗೆ ಜಪಾನೀಯಲ್ಲಿ ‘ಹಿಮಿತ್ಸು ದೋಗು’ ಎಂದು ಹೆಸರು. ನಮ್ಮ ಮಕ್ಕಳು ನೋಡುವುದೂ ಅವನ್ನೇ. 2013ರ ಡಿಸೆಂಬರಿನಲ್ಲಿ ಜಪಾನಿನ ಸಂಸತ್ತು ಸರ್ಕಾರಿ ರಹಸ್ಯಗಳ ಕಾಯ್ದೆಯನ್ನು ಜನರ ಪ್ರತಿಭಟನೆಯ ನಡುವೆಯೇ ಅಂಗೀಕರಿಸಿತು, ಅದರ ಹೆಸರಿನಲ್ಲೂ ಹಿಮಿತ್ಸು ಇದೆ. ಬೆಕ್ಕಿನ ಜೇಬಿಗೂ ಸೇನೆಯ ಕಡತಕ್ಕೂ ಒಂದೇ ಪದ.

ಇನ್ನೊಂದು ಸೋಜಿಗ. ಶಿಂಗೋನಿನಲ್ಲಿ ‘ಸನ್‌ಮಿತ್ಸು’ ಎಂದರೆ ಮೂರು ಗುಹ್ಯಗಳು: ಕಾಯ, ವಾಕ್ಕು, ಮನಸ್ಸು. ತ್ರಿಕರಣ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2020ರಲ್ಲಿ ಕೊರೊನಾ ಬಂದಾಗ ಸರ್ಕಾರ ಇದೇ ‘ಸನ್‌ಮಿತ್ಸು’ವನ್ನು ಬೇರೆ ಅರ್ಥದಲ್ಲಿ ಸಾರಿತು: ಗಾಳಿಯಾಡದ ಕೋಣೆ, ಜನಜಂಗುಳಿ, ತೀರಾ ಹತ್ತಿರದಿಂದ ಆಡುವ ಮಾತುಕತೆ, ಈ ಮೂರನ್ನೂ ತಪ್ಪಿಸಿ ಎಂದು. ಮೂರೂ ಪದಗಳು ‘ದಟ್ಟ’ ಎಂಬರ್ಥದ ಅದೇ ‘ಮಿತ್ಸು’ವಿನಿಂದ ಶುರುವಾಗುತ್ತವೆ. ಮಠದವರು ಕೂಡಿಸಿಕೊಳ್ಳಲು ಹೇಳಿದ್ದನ್ನು ಸರ್ಕಾರ ದೂರವಿಡಲು ಹೇಳಿತು. ವರ್ಷದ ಕೊನೆಗೆ ಕಿಯೋಮಿಝು ದೇಗುಲದಲ್ಲಿ ವರ್ಷದ ಅಕ್ಷರವಾಗಿ ದಪ್ಪ ಕುಂಚದಲ್ಲಿ ಬರೆದದ್ದೂ ‘ಮಿತ್ಸು’ವನ್ನೇ.

ಇನ್ನು ಬಳಕೆ. ‘ಹಿಮಿತ್ಸು ನಿ ಸುರು’ ಎಂದರೆ ಗುಟ್ಟಾಗಿಡುವುದು. ಗುಟ್ಟನ್ನು ಕಾಯುವುದು ‘ಮಾಮೊರು’. ಬಾಯಿಬಿಡುವುದು ‘ಮೊರಾಸು’, ಸೋರಿಸುವುದು ಎಂದರ್ಥ. ತಾನಾಗಿ ಬಯಲಾಗುವುದು ‘ಬರೆರು’. ವಿಶೇಷಣ ಬೇಕಾದರೆ ನಡುವೆ ‘ನೊ’ ಬರುತ್ತದೆ: ‘ಹಿಮಿತ್ಸು ನೊ ಹನಾಶಿ’, ಗುಟ್ಟಿನ ಮಾತು. ಸಾರಿಗೆ ಏನು ಹಾಕಿದ್ದೀರಿ ಎಂದು ಕೇಳಿದರೆ ‘ಕಿಗ್ಯೋ ಹಿಮಿತ್ಸು’ ಎಂದು ಉತ್ತರಿಸಿ ನಗುವವರಿದ್ದಾರೆ, ಕಂಪನಿಯ ರಹಸ್ಯ ಎಂದು. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಗುಟ್ಟು ‘ಕೋಝೆನ್ ನೊ ಹಿಮಿತ್ಸು’.

ಆದರೆ ಗೆಳೆಯರ ನಡುವೆ, ಮನೆಯಲ್ಲಿ ಹೆಚ್ಚು ಕೇಳಿಸುವುದು ‘ನೈಶೊ’. ಅಮ್ಮನಿಗೆ ಹೇಳಬೇಡ ಎನ್ನುವ ಹುಡುಗ ‘ನೈಶೊ’ ಎಂದು ತುಟಿಯ ಮೇಲೆ ಬೆರಳಿಡುತ್ತಾನೆ. ಇದರ ಮೂಲವೂ ಬೌದ್ಧರ ‘ನೈಶೋ’: ತನ್ನೊಳಗೆ ತಾನೇ ಕಂಡುಕೊಂಡ ಅರಿವು, ಕನ್ನಡದಲ್ಲಿ ಅನುಭಾವ ಎನ್ನಬಹುದು. ಬರಬರುತ್ತ ಅದು ಮನೆಯೊಳಗಿನ ಸಂಗತಿಯಾಯಿತು, ಮನೆಯ ಹಣಕಾಸಿನ ಸ್ಥಿತಿಯಾಯಿತು, ಹೊರಗಿನವರಿಗೆ ಹೇಳಬಾರದ್ದಾಯಿತು. ಸಾಲದ ಲೆಕ್ಕಕ್ಕಿಂತ ದೊಡ್ಡ ಗುಟ್ಟು ಸಂಸಾರಸ್ಥರಿಗೆ ಯಾವುದಿದೆ?

ಜಪಾನಿಗೆ ಹೊರಟವರು, ಅಲ್ಲಿನ ಕಂಪನಿಗಳೊಡನೆ ವ್ಯವಹರಿಸುವವರು ಇಷ್ಟು ನೆನಪಿಟ್ಟುಕೊಳ್ಳಿ. ಸಲಿಗೆಯಲ್ಲಿ ‘ನೈಶೊ’ ಸಾಕು. ‘ಹಿಮಿತ್ಸು’ ಎಲ್ಲಿಯಾದರೂ ನಡೆಯುತ್ತದೆ, ತೂಕ ಸ್ವಲ್ಪ ಹೆಚ್ಚು. ಕಾಗದದ ಮೇಲೆ ‘ಕಿಮಿತ್ಸು’, ಅಂದರೆ ಕಚೇರಿಯ ಗೋಪ್ಯ ಮಾಹಿತಿ, ಎಂದಿದ್ದರೆ ಅದನ್ನು ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬೇಡಿ.