ಪ್ರಿಂಟ್ ಬರಲಿಲ್ಲ ಅಂತ ಮತ್ತೆ ಒತ್ತಬೇಡಿ

ಭಾಗ 1
ಫೋಟೋ ಚಂದ್ರವಳ್ಳಿ ಕೆರೆದು, ಕಥೆ ಪ್ರಿಂಟರ್‌ದು. ಕೊನೇವರೆಗೂ ಓದಿ, ಸಂಬಂಧ ಗೊತ್ತಾಗುತ್ತೆ.

ಪ್ರಾಜೆಕ್ಟ್ ರಿಪೋರ್ಟ್ ಕೊಡೋ ಕೊನೇ ದಿನ. ಲ್ಯಾಬ್‌ನಲ್ಲಿ ಎಲ್ಲರಿಗೂ ಒಂದೇ ಪ್ರಿಂಟರ್, ಲಿನಕ್ಸ್ ಸರ್ವರ್‌ಗೆ ಸೇರಿಸಿದ್ದು. ಪ್ರಿಂಟ್ ಒತ್ತಿದೆ, ಬರಲಿಲ್ಲ. ಮತ್ತೆ ಒತ್ತಿದೆ. ಹೀಗೇ ನಾಲ್ಕು ಸಲ. ನನ್ನ ರಿಪೋರ್ಟ್ 48 ಪುಟ. ನನ್ನ ಹಿಂದೆ ಒಬ್ಬ ಜೂನಿಯರ್ ಹುಡುಗಿ ನಿಂತಿದ್ದಳು. ಅವಳದ್ದು ಸ್ಕಾಲರ್‌ಶಿಪ್ ಅರ್ಜಿ, ಒಂದೇ ಹಾಳೆ. 5 ಗಂಟೆಯೊಳಗೆ ಆಫೀಸಿಗೆ ಕೊಡಬೇಕು. ಆಗಲೇ 4:40. ಅವಳು ಏನೂ ಅನ್ನಲಿಲ್ಲ, ಗಡಿಯಾರ ನೋಡ್ತಾ ಇದ್ದಳು ಅಷ್ಟೇ.

ಭಾಗ 2
ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. 1959ರಲ್ಲಿ ಐಬಿಎಂ 1403 ಅನ್ನೋ ಪ್ರಿಂಟರ್ ಬಂತು. ಲೋಹದ ಅಕ್ಷರಗಳ ಸರಪಳಿ ಸುತ್ತುತ್ತಿತ್ತು, ಸುತ್ತಿಗೆಗಳು ಹೊಡೀತಿದ್ವು, ನಿಮಿಷಕ್ಕೆ 600 ಸಾಲು. ಇಂಥ ಪ್ರಿಂಟರ್‌ಗೆ ಲೈನ್ ಪ್ರಿಂಟರ್ ಅಂತ ಹೆಸರು. ಅಷ್ಟು ವೇಗ ಇದ್ದರೂ ಕಂಪ್ಯೂಟರ್‌ಗೆ ಹೋಲಿಸಿದ್ರೆ ಅದು ನಿಧಾನವೇ. ಹಾಗಾಗಿ ಕೆಲಸಗಳನ್ನ ಟೇಪ್ ಅಥವಾ ಡಿಸ್ಕ್‌ನಲ್ಲಿ ಕೂಡಿಟ್ಟು ಒಂದೊಂದಾಗಿ ಕಳಿಸೋ ಪದ್ಧತಿ ಬಂತು. ಇದೇ ಸ್ಪೂಲಿಂಗ್. ಅಂದ್ರೆ ನೀವು ಪ್ರಿಂಟ್ ಒತ್ತಿದಾಗ ಮಾತು ಹೋಗೋದು ಪ್ರಿಂಟರ್‌ಗಲ್ಲ, ಸಾಲಿಗೆ. ನಾಲ್ಕು ಸಲ ಒತ್ತಿದ್ರೆ ಸಾಲಿನಲ್ಲಿ ನಾಲ್ಕು ಜನ ನೀವೇ!

ಯುನಿಕ್ಸ್ ಬಂದ ಮೇಲೆ ಎರಡು ಮನೆಮಾತು ಹುಟ್ಟಿದ್ವು. ಬರ್ಕ್ಲಿಯವರದ್ದು ಎಲ್‌ಪಿಆರ್, ಸಿಸ್ಟಮ್ ಫೈವ್‌ನವರದ್ದು ಎಲ್‌ಪಿ. ಎರಡರಲ್ಲೂ ಇರೋ ಎಲ್‌ಪಿ ಆ ಹಳೇ ಲೈನ್ ಪ್ರಿಂಟರ್‌ದೇ. ಚಿತ್ರದುರ್ಗದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ ಅಂದ್ಕೊಳ್ಳಿ. 1999ರಲ್ಲಿ ಮೈಕಲ್ ಸ್ವೀಟ್ ಅವರ ಕಪ್ಸ್ ಬಂದು ಎರಡು ಮಾತನ್ನೂ ಒಪ್ಪಿಕೊಂಡಿತು. 2002ರಲ್ಲಿ ಆಪಲ್ ತನ್ನ ಮ್ಯಾಕ್‌ಗೆ ಅದನ್ನೇ ಹಾಕಿಕೊಂಡಿತು, 2007ರಲ್ಲಿ ಅದರ ಮೂಲ ಕೋಡನ್ನೇ ಕೊಂಡುಕೊಂಡಿತು. ಲಿನಕ್ಸ್ ಸರ್ವರ್‌ಗಳಲ್ಲಿ ಇವತ್ತಿಗೂ ಹೆಚ್ಚಾಗಿ ಓಡೋದು ಅದೇ.

ಭಾಗ 3
ಈಗ ಮತ್ತೆ ಲ್ಯಾಬಿಗೆ. ಲ್ಯಾಬ್ ನೋಡ್ಕೊಳ್ಳೋ ಸರ್ ಬಂದು ಕಪ್ಪು ಪರದೆ ತೆಗೆದ್ರು. ‘ಎಲ್‌ಪಿಸ್ಟ್ಯಾಟ್ ಹೈಫನ್ ಓ’ ಅಂತ ಟೈಪ್ ಮಾಡಿದ್ರು. ಸಾಲು ಪೂರ್ತಿ ಕಾಣ್ತು: ಕೆಲಸದ ನಂಬರ್, ಯಾರದ್ದು, ಎಷ್ಟು ದೊಡ್ಡದು, ಯಾವಾಗ ಬಂದಿದ್ದು. ನಮ್ಮ ಬಿಕಾಂ ಡೇ ಬುಕ್ ಥರಾನೇ. ನನ್ನ ಹೆಸರು ನಾಲ್ಕು ಸಲ ಇತ್ತು.

ಆಗಿದ್ದಿಷ್ಟೇ: ಪೇಪರ್ ಮುಗಿದು ಪ್ರಿಂಟರ್ ನಿಂತಿತ್ತು. ಸರ್ ‘ಕ್ಯಾನ್ಸಲ್’ ಹೊಡೆದು ನನ್ನ ಮೂರು ನಕಲು ತೆಗೆದ್ರು. ಆಮೇಲೆ ‘ಎಲ್‌ಪಿ’ಯಿಂದಲೇ ಅವಳ ಕೆಲಸದ ಆದ್ಯತೆ ಏರಿಸಿದ್ರು. ಎಲ್ಲರಿಗೂ ಸಾಮಾನ್ಯವಾಗಿ ಇರೋದು 50, ಅವಳದ್ದು 100 ಮಾಡಿದ್ರು. ಪೇಪರ್ ತುಂಬಿ, ನಿಂತ ಪ್ರಿಂಟರ್‌ನ ‘ಕಪ್ಸ್‌ಎನೇಬಲ್’ ಅಂತ ಎಬ್ಬಿಸಿದ್ರು. ಮೊದಲು ಬಂದಿದ್ದು ಅವಳ ಹಾಳೆ. 4:52.

ನೆನಪಿಡಿ, ನಿಮ್ಮ ಕೆಲಸ ನೀವೇ ಕ್ಯಾನ್ಸಲ್ ಮಾಡಬಹುದು. ಬೇರೆಯವರದ್ದನ್ನ ಮುಟ್ಟೋ ಅಧಿಕಾರ ಅಡ್ಮಿನ್‌ಗೆ ಮಾತ್ರ.

ಭಾಗ 4
ಅವತ್ತು ಸಂಜೆ ನೇರ ಇಲ್ಲಿಗೆ ಬಂದೆ. ಇಲ್ಲಿ ಭೈರವೇಶ್ವರ ಗುಡಿ ಹತ್ತಿರದ ಬಂಡೆ ಮೇಲೆ ಕದಂಬ ಮಯೂರಶರ್ಮನ ಶಾಸನ ಇದೆ. 4ನೇ ಶತಮಾನದ್ದು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಸಣ್ಣ ಶಾಸನ, ಆದ್ರೆ ಕೆರೆ ಕೆಲಸ ಯಾರದ್ದು ಅಂತ ಅದರಲ್ಲಿ ಹೆಸರಿದೆ. ಅಲ್ಲಿ ಅವನ ಹೆಸರು ಉಳಿದಿದ್ದು ಕೆರೆ ಕೆಲಸಕ್ಕೆ. ಸರ್ವರ್ ದಾಖಲೆಯಲ್ಲಿ ನನ್ನ ಹೆಸರು ಉಳಿದಿದ್ದು ಒಬ್ಬಳ ದಾರಿಗೆ ನಾಲ್ಕು ಸಲ ಅಡ್ಡ ನಿಂತಿದ್ದಕ್ಕೆ.

ಮರುದಿನ ಸಾರಿ ಕೇಳಿದೆ. "ಪರವಾಗಿಲ್ಲ ಅಣ್ಣ, ಅರ್ಜಿ ತಗೊಂಡ್ರು" ಅಂದಳು.

ಮುಂದಿನ ಸಲ ಪ್ರಿಂಟ್ ಬರದಿದ್ರೆ ಮೊದಲು ಸಾಲು ನೋಡಿ. ನಿಮ್ಮ ಹಿಂದೆ ಯಾರಿದ್ದಾರೆ ಅಂತಲೂ ನೋಡಿ.

#ಚಂದ್ರವಳ್ಳಿ #ಚಿತ್ರದುರ್ಗ #ಕಂಪ್ಯೂಟರ್‌ಇತಿಹಾಸ