ದಿನಕ್ಕೆ 35 ಸೆಂಟಿನ ದಾರಿ

ಲಾಂಗ್ ವೀಕೆಂಡ್ ಬಂದ್ರೆ ನಮ್ಮ ಗುಂಪಿಗೆ ಮನೇಲಿ ಕೂರೋಕೆ ಆಗಲ್ಲ. ಈ ಸಲ ಬೆಳಿಗ್ಗೆನೇ ಸ್ಯಾನ್ ಹೋಸೆ ಬಿಟ್ವಿ. ನಾಲ್ಕು ಜನ, ಒಂದು ಕಾರು, ಒಂದು ಡಬ್ಬಿ ಪುಳಿಯೋಗರೆ. ಗುರಿ, ಹೈವೇ ಒಂದರ ಬಿಗ್ ಸರ್ ಕರಾವಳಿ. (ಈ 'ಸರ್' ಮೇಷ್ಟ್ರಲ್ಲ ಮಾರಾಯ್ರೆ, ಸ್ಪ್ಯಾನಿಷ್‌ನಲ್ಲಿ ದಕ್ಷಿಣ ಅಂತ!)

ಕಾರ್ಮೆಲ್ ದಾಟಿ ಸುಮಾರು 13 ಮೈಲಿ ಹೋದ್ರೆ ಬಿಕ್ಸ್‌ಬಿ ಸೇತುವೆ. ವ್ಯೂ ಪಾಯಿಂಟ್‌ನಲ್ಲಿ ನಿಂತರೆ ಒಂದು ಕಡೆ ಕಡಿದಾದ ಬೆಟ್ಟ, ಇನ್ನೊಂದು ಕಡೆ ಪೆಸಿಫಿಕ್ ಸಾಗರ, ನಡುವಿನ ಕಣಿವೆ ಮೇಲೆ ಬಿಲ್ಲಿನ ಹಾಗೆ ಬಾಗಿದ ಕಾಂಕ್ರೀಟ್ ಕಮಾನು. ಎಲ್ಲರ ಹಾಗೆ ನಾವೂ ಫೋಟೋ ತೆಗೆದ್ವಿ. "ಟೂರಿಸ್ಟ್‌ಗಳಿಗೋಸ್ಕರ ಎಂಥಾ ರಸ್ತೆ ಮಾಡಿದ್ದಾರೆ ನೋಡೋ" ಅಂದ ಗೆಳೆಯ. ನಾನೂ ಹೂಂ ಅಂದೆ. ಮನೆಗೆ ಬಂದು ಇದರ ಕಥೆ ಓದಿದ ಮೇಲೆ, ಆ ಹೂಂನಲ್ಲಿ ಅರ್ಧನಾದ್ರೂ ವಾಪಸ್ ತಗೋಬೇಕು ಅನ್ನಿಸ್ತು.

ಕಥೆ ಶುರುವಾಗೋದು 1894ರ ಏಪ್ರಿಲ್‌ನಲ್ಲಿ. ಸೇತುವೆಯಿಂದ ಕೆಲವು ಮೈಲಿ ದಕ್ಷಿಣಕ್ಕಿರುವ ಪಾಯಿಂಟ್ ಸರ್ ದೀಪಸ್ತಂಭದ ಹತ್ರ 'ಲಾಸ್ ಏಂಜಲೀಸ್' ಅನ್ನೋ ಹಡಗು ಒಡೆಯಿತು. ಬದುಕುಳಿದವರಿಗೆ ಔಷಧಿ ಮಾಡೋಕೆ ಮಾಂಟೆರೆ ಕಡೆಯಿಂದ ಡಾಕ್ಟರ್ ಜಾನ್ ರಾಬರ್ಟ್ಸ್ ಹೊರಟ್ರು. ಎರಡು ಚಕ್ರದ ಕುದುರೆ ಗಾಡಿಯಲ್ಲಿ ಮೂರೂವರೆ ಗಂಟೆ ಹಿಡೀತು. ಆ ಕಾಲಕ್ಕೆ ಅದೇ ಭಾರೀ ವೇಗವಂತೆ!

ಡಾಕ್ಟರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1897ರಲ್ಲಿ ಈ ತೀರದುದ್ದಕ್ಕೂ ಐದು ದಿನ ನಡೆದು, ಫೋಟೋ ತೆಗೆದು, ರಸ್ತೆ ಎಲ್ಲಿ ಬರಬೇಕು ಅಂತ ಗುರುತು ಹಾಕಿದ್ರು. 50 ಸಾವಿರ ಡಾಲರ್ ಸಾಕು ಅಂದುಕೊಂಡಿದ್ರಂತೆ. (ಎಸ್ಟಿಮೇಟ್ ವಿಷಯದಲ್ಲಿ ನಮ್ಮ ಸಾಫ್ಟ್‌ವೇರ್‌ನವರಿಗೆ ಗುರುಗಳು!) 1915ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಮುಂದೆ ಇಲ್ಲಿನ ಸೌಂದರ್ಯವನ್ನು ತೋರಿಸಿದ್ರು. ದುಡ್ಡು ಹುಟ್ಟಲಿಲ್ಲ. ಆಮೇಲೆ ಸೆನೆಟರ್ ಎಲ್ಮರ್ ರಿಗ್ಡನ್ 'ಕರಾವಳಿಯ ರಕ್ಷಣೆಗೆ ರಸ್ತೆ ಬೇಕು' ಅಂತ ವಾದ ಹೂಡಿದ್ರು. 1919ರಲ್ಲಿ 15 ಲಕ್ಷ ಡಾಲರಿನ ಬಾಂಡ್ ಬಂತು. ಅದೂ ಸಾಲದೆ 1926ರಲ್ಲಿ ಕೆಲಸ ನಿಂತೇ ಹೋಯ್ತು.

ಎರಡು ವರ್ಷದ ಮೇಲೆ ಮತ್ತೆ ಶುರುವಾದಾಗ ಬೆಟ್ಟ ಕಡಿಯೋಕೆ ಬಂದವರಲ್ಲಿ ಸ್ಯಾನ್ ಕ್ವೆಂಟಿನ್ ಜೈಲಿನ ಕೈದಿಗಳೂ ಇದ್ದರು. ಕೂಲಿ ದಿನಕ್ಕೆ 35 ಸೆಂಟ್, ಜೊತೆಗೆ ಶಿಕ್ಷೆಯಲ್ಲಿ ಕಡಿತ. ಡೈನಮೈಟ್ ಸಿಡಿಸೋದು, ಕಲ್ಲುಮಣ್ಣನ್ನ ಸಮುದ್ರಕ್ಕೆ ತಳ್ಳೋದು, ಒಂದು ಹೆಜ್ಜೆ ತಪ್ಪಿದ್ರೆ ತಾವೂ ಅಲ್ಲಿಗೇ.

ಸೇತುವೆ ಕಟ್ಟಿಸಿದ್ದು ಕಂಟ್ರಾಕ್ಟರಿಂದ. ಉಕ್ಕಾದ್ರೆ ಉಪ್ಪುಗಾಳಿಗೆ ತುಕ್ಕು, ಅದಕ್ಕೇ ಕಾಂಕ್ರೀಟ್. ನಮ್ಮಲ್ಲಿ ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಕಟ್ತಾರಲ್ಲ, 260 ಅಡಿ ಆಳದ ಕಣಿವೆಯಲ್ಲಿ ಮರದ್ದೇ ಅಂಥದ್ದೊಂದನ್ನು ನಿಲ್ಲಿಸೋಕೆ ಎರಡು ತಿಂಗಳು ಬೇಕಾಯ್ತು. ಕಮಾನಿನ ಅಗಲ 320 ಅಡಿ. 1932ರಲ್ಲಿ ಸೇತುವೆ ಮುಗೀತು, 1937ರಲ್ಲಿ ಇಡೀ ರಸ್ತೆ ತೆರೀತು. ಅದಕ್ಕೆ ಮೊದಲು ಇಲ್ಲಿನವರು ಬೆಟ್ಟ ಸುತ್ತುವ 11 ಮೈಲಿ ಮಣ್ಣುದಾರಿ ಹಿಡೀಬೇಕಿತ್ತು, ಮಳೆಗಾಲದಲ್ಲಿ ಅದೂ ಎಷ್ಟೋ ಸಲ ಬಂದ್.

ಬೆಟ್ಟ ಮಾತ್ರ ಈ ಗಾಯವನ್ನ ಮರೆತಿಲ್ಲ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಹತ್ರ ಗುಡ್ಡ ಜಾರಿ ಕಾಲು ಮೈಲಿ ರಸ್ತೆ ಮುಚ್ಚಿಹೋಯ್ತು. ಮತ್ತೆ ಓಡಾಟ ಶುರುವಾಗಿದ್ದು 2018ರ ಜುಲೈನಲ್ಲಿ.

ಡಾಕ್ಟರ ಹೆಸರು ಉಳೀತು, ಸೆನೆಟರ ಹೆಸರೂ ಉಳೀತು. ಆ 35 ಸೆಂಟಿನವರ ಹೆಸರುಗಳನ್ನ ಹುಡುಕ್ತಾ ರಾತ್ರಿ ಒಂದು ಗಂಟೆಯಾಯ್ತು. ನನಗೆ ಒಂದೂ ಸಿಗಲಿಲ್ಲ. ಮತ್ತೆ ನನ್ನ ಫೋಟೋ ತೆಗೆದು ನೋಡಿದೆ. ಈ ಸಲ ಕಣ್ಣು ಸೇತುವೆ ಮೇಲೆ ನಿಲ್ಲಲಿಲ್ಲ, ಅದರಾಚೆ ಬೆಟ್ಟದ ಪಕ್ಕೆಯಲ್ಲಿ ಎಳೆದಿರೋ ತೆಳ್ಳಗಿನ ಗೆರೆ ಮೇಲೆ ನಿಂತಿತು. ನೀವೂ ಆ ಕಡೆ ಹೋದ್ರೆ ಸೇತುವೆ ನೋಡಿ, ಸಮುದ್ರ ನೋಡಿ. ಆಮೇಲೆ ಒಂದು ನಿಮಿಷ ಆ ಗೆರೆನೂ ನೋಡಿ.